ವಿಠ್ಠಲನ ಬೀದಿಯಲ್ಲಿ ಬ್ಯಾಟರಿ ಗಾಡಿ

ಕಮಲಾಪುರದಿಂದ ತಳವಾರಘಟ್ಟದತ್ತ ಸಾಗುವ ರಸ್ತೆಯಲ್ಲಿ, ಗೆಜ್ಜಲ ಮಂಟಪದ ಹತ್ತಿರ ಪ್ರವಾಸಿಗರ ಕಾರು, ಬಸ್ಸುಗಳೆಲ್ಲ ನಿಲ್ಲಬೇಕು. ಅಲ್ಲಿಂದ ಹಂಪಿಯ ವಿಜಯವಿಠ್ಠಲ ದೇವಾಲಯಕ್ಕೆ ಸುಮಾರು ಒಂದು ಕಿಲೋಮೀಟರ್ ಮಣ್ಣುದಾರಿ. ನಡೆಯಬಲ್ಲವರು ನಡೆಯುತ್ತಾರೆ. ಮಂಡಿನೋವಿನವರು, ಎಳೆಮಕ್ಕಳ ತಾಯಂದಿರು, ಬಿಸಿಲಿಗೆ ಸೋತವರು ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಲ್ಲುತ್ತಾರೆ. ಗಾಲ್ಫ್ ಮೈದಾನದಲ್ಲಿ ಓಡಾಡಬೇಕಿದ್ದ ಈ ಪುಟ್ಟ ಗಾಡಿಗಳನ್ನು ಇಲ್ಲಿ ಓಡಿಸುವವರಲ್ಲಿ ಸುತ್ತಲಿನ ಊರುಗಳ ಹೆಣ್ಣುಮಕ್ಕಳಿದ್ದಾರೆ. ಹಂಪಿಯಲ್ಲಿ ಈಚೆಗೆ ಆದ ಒಳ್ಳೆಯ ಬದಲಾವಣೆಗಳಲ್ಲಿ ಇದನ್ನು ನಾನು ಮೊದಲು ಎಣಿಸುತ್ತೇನೆ.

ಗಾಡಿ ಬಂದದ್ದು ಸುಮ್ಮನೆ ಅಲ್ಲ. ಎಂಜಿನ್ನಿನ ಹೊಗೆ, ಭಾರದ ವಾಹನಗಳ ಅದುರು ಹಳೆಯ ಕಲ್ಲಿಗೆ ಆಗಿಬರುವುದಿಲ್ಲ. ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ. 1999ರಲ್ಲಿ ಅದನ್ನು ಅಪಾಯದ ಪಟ್ಟಿಗೆ ಹಾಕಿದಾಗ ಮುಖ್ಯ ಕಾರಣ ತುಂಗಭದ್ರೆಗೆ ಅಡ್ಡಲಾಗಿ ಏಳುತ್ತಿದ್ದ ಸೇತುವೆಗಳು. ಆನೆಗೊಂದಿಯ ಸೇತುವೆ ಮುಗಿದರೆ ಲಾರಿಗಳು ನೇರ ಸ್ಮಾರಕಗಳ ನಡುವೆ ಹಾಯುತ್ತವೆಂಬ ಆತಂಕವಿತ್ತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಆದರೆ 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಸೇತುವೆ ಕುಸಿದು ಕಾರ್ಮಿಕರ ಜೀವ ಹೋಯಿತು. ಹೊಳೆ ದಾಟಬೇಕಾದ ಜನರ ಕಷ್ಟವೂ ನಿಜ, ಕಲ್ಲಿನ ಕಷ್ಟವೂ ನಿಜ.

ಗಾಡಿ ಹೊರಟರೆ ಕುದುರೆಗೊಂಬೆ ಮಂಟಪ ಕಾಣುತ್ತದೆ. ಕಂಬಗಳಲ್ಲಿ ಮುಂಗಾಲೆತ್ತಿ ನಿಂತ ಕುದುರೆಗಳು, ಮೇಲೆ ಸವಾರರು. ವಿಜಯನಗರದ ಸೈನ್ಯ ನಿಂತಿದ್ದದ್ದೇ ಕಡಲಾಚೆಯ ಕುದುರೆಗಳ ಮೇಲೆ. ಅರೇಬಿಯಾ, ಹೊರ್ಮುಜ್‌ಗಳಿಂದ ಹಡಗಿನಲ್ಲಿ ಬಂದು, ಗೋವಾದಲ್ಲಿ ಇಳಿದು, ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. ಈ ರಾಜ್ಯದ ಚರಿತ್ರೆ ಬರೆದಿಟ್ಟ ಪೋರ್ಚುಗೀಸ್ ನೂನಿಜ್ ಕೂಡ ಕುದುರೆ ವ್ಯಾಪಾರಿಯೇ. ಮುಂದೆ ಪುಷ್ಕರಣಿ, ಇಕ್ಕೆಲದಲ್ಲೂ ಕಲ್ಲುಕಂಬಗಳ ಸಾಲು. ಅದು ವಿಠ್ಠಲಾಪುರದ ಪೇಟೆಬೀದಿ, ತೇರು ಎಳೆಯುತ್ತಿದ್ದ ಬೀದಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಈ ನಗರ ರೋಮ್‌ನಷ್ಟು ದೊಡ್ಡದೆಂದು ಬರೆದ. ಗಾಡಿಯಲ್ಲಿ ಕೂತವರಿಗೆ ಆ ಪೇಟೆ ನಿಮಿಷಗಳಲ್ಲಿ ಹಿಂದೆ ಸರಿದುಬಿಡುತ್ತದೆ. ಬಹಳ ಮಂದಿಗೆ ತಾವು ಒಂದು ಪೇಟೆಯನ್ನು ದಾಟಿ ಬಂದೆವೆಂದೇ ತಿಳಿಯುವುದಿಲ್ಲ. ನನಗೆ ಬೇಸರವೆನಿಸುವುದು ಇಲ್ಲೇ. ಒಳ್ಳೆಯ ಗೈಡ್ ಜೊತೆಗಿದ್ದರೆ ಇಲ್ಲಿ ಸುಮ್ಮನಿರುವುದಿಲ್ಲ. ಅತ್ತ ನೋಡಿ, ಇತ್ತ ನೋಡಿ ಎಂದು ಕೈ ತೋರಿಸುತ್ತಲೇ ಇರುತ್ತಾರೆ.

ಗುಡಿಯ ಅಂಗಳದಲ್ಲಿ ಎಲ್ಲರೂ ಓಡುವುದು ಕಲ್ಲಿನ ರಥದ ಮುಂದೆ, ಅದರ ಚಿತ್ರವಿರುವ ಐವತ್ತು ರೂಪಾಯಿ ನೋಟು ಹಿಡಿದು ಫೋಟೊಗೆ. ಬಲ್ಲ ಗೈಡ್ ಆ ಗದ್ದಲ ಮುಗಿಯುವವರೆಗೆ ಕಾದು, ಆಮೇಲೆ ಮಾತು ತೆಗೆಯುತ್ತಾರೆ. ಇದು ಗರುಡನ ಗುಡಿ. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು. ಮೊದಲಿದ್ದ ಕುದುರೆಗಳ ಹಿಂಗಾಲುಗಳ ಗುರುತು ಈಗಲೂ ಅಲ್ಲೇ ಇದೆ. ರಥದ ಮೇಲೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ, ಈಗಿಲ್ಲ. ನಾದ ಹೊಮ್ಮಿಸುವ ಕಂಬಗಳನ್ನು ಮುಟ್ಟಲು ಬಿಡುವುದಿಲ್ಲ. ಒಳಗೆ ಏನಿದೆಯೆಂದು ಬ್ರಿಟಿಷರು ಕಂಬ ಕತ್ತರಿಸಿ ನೋಡಿದರಂತೆ ಎಂಬ ಕಥೆಯನ್ನಂತೂ ಎಲ್ಲ ಗೈಡುಗಳೂ ಹೇಳುತ್ತಾರೆ. ವಿಠ್ಠಲ ಪಂಢರಪುರದಿಂದ ಇಲ್ಲಿಗೆ ಬಂದು ಮರಳಿದನೆಂಬ ಕಥೆಯನ್ನೂ ಹೇಳುತ್ತಾರೆ. ಕಥೆ ಹೇಳಲಿ, ಬೇಡವೆನ್ನಲಾರೆ. ಅದರ ಪಕ್ಕದಲ್ಲೇ ಶಾಸನವನ್ನೂ ತೋರಿಸುವವರ ಮೇಲೆ ನನಗೆ ವಿಶೇಷ ಗೌರವ. 1513ರಲ್ಲಿ ಕೃಷ್ಣದೇವರಾಯನ ರಾಣಿಯರು ಗೋಪುರ ಕಟ್ಟಿಸಿದರು, 1516ರಲ್ಲಿ ರಾಯ ನೂರು ಕಂಬಗಳ ಮಂಟಪ ಕಟ್ಟಿಸಿದ. 1554ರಲ್ಲೂ ಇಲ್ಲಿ ಉಯ್ಯಾಲೆ ಮಂಟಪದ ಕೆಲಸ ನಡೆದಿತ್ತು. ಅದಾಗಿ ಹನ್ನೊಂದೇ ವರ್ಷ, ವಿಜಯನಗರ ಸೋತ 1565ರ ಯುದ್ಧ. ಇನ್ನೂ ಕಟ್ಟುತ್ತಿದ್ದ ಊರು ಹಾಗೆ ಮುರಿಯಿತೆಂದು ಆ ಅಂಗಳದಲ್ಲೇ ನಿಂತು ಕೇಳಿದಾಗ ಎದೆ ಭಾರವಾಗುತ್ತದೆ.

ಇದನ್ನೆಲ್ಲ ಹೇಳುವವರ ಬದುಕಿನಲ್ಲೂ ಒಂದು ಮುರಿತವಿದೆ. ವಿರೂಪಾಕ್ಷ ಗುಡಿಯ ಮುಂದಿನ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಹಲವು ಕುಟುಂಬಗಳು ಮನೆ ಮಾಡಿದ್ದವು, ಅಂಗಡಿ ಇಟ್ಟಿದ್ದವು. 2011ರ ಜುಲೈನಲ್ಲಿ ಅವನ್ನೆಲ್ಲ ತೆರವು ಮಾಡಲಾಯಿತು. ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು ತಪ್ಪೇ ಇರಬಹುದು. ಆದರೆ ಬಜಾರು ಬಜಾರಾಗಿ ಉಳಿದಿದ್ದದ್ದು ಆ ಜನರಿಂದ. ಸ್ಮಾರಕ ಉಳಿಸುವ ಯೋಜನೆಯಲ್ಲಿ ಊರಿನವರಿಗೆ ಜಾಗ ಇರಲೇಬೇಕು. ಗಾಡಿಯ ಚಕ್ರ ಹಿಡಿದ ಹೆಣ್ಣುಮಗಳು, ಗುರುತಿನ ಚೀಟಿ ತೂಗುಹಾಕಿಕೊಂಡ ಗೈಡ್, ಇಬ್ಬರ ದುಡಿಮೆಯೂ ಆ ಜಾಗದ ಸಣ್ಣ ಪಾಲು. ಅದು ಹೆಚ್ಚಬೇಕು.

ಹೋಗುವಾಗ ಗಾಡಿಯಲ್ಲಿ ಹೋಗಿ. ಮೈಯಲ್ಲಿ ಶಕ್ತಿಯಿದ್ದರೆ ಬರುವಾಗ ಹೊಳೆದಂಡೆಯ ದಾರಿ ಹಿಡಿದು ಹಂಪಿ ಬಜಾರಿನವರೆಗೆ ನಡೆಯಿರಿ, ಸುಮಾರು ಎರಡು ಕಿಲೋಮೀಟರ್. ರಾಯರ ತುಲಾಭಾರದ ಕಲ್ಲುಕಮಾನು, ಪುರಂದರದಾಸರ ಮಂಟಪ, ಕೋದಂಡರಾಮನ ಗುಡಿ ಆ ಹಾದಿಯ ಆಸುಪಾಸಿನಲ್ಲಿವೆ. ಬರೀ ಗುಡಿ ತೋರಿಸಿದರೆ ಸಾಕೆನ್ನದೆ ಈ ನಡಿಗೆಗೂ ಗೈಡನ್ನು ಕರೆದುಕೊಳ್ಳಿ, ಆ ಹೊತ್ತಿನ ಹಣವನ್ನು ಚೌಕಾಸಿಯಿಲ್ಲದೆ ಕೊಡಿ.