ಓದುವ ಭಾಷಣ, ಆಡುವ ಮಾತು: ಒಂದು ತೌಲನಿಕ ಟಿಪ್ಪಣಿ

ಕನ್ನಡ ವಾಗ್ಮಿತೆಯಲ್ಲಿ ಭಿನ್ನವಾದ ಎರಡು ಸರಣಿಗಳನ್ನು ಗುರುತಿಸಬಹುದು. 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷ ಭಾಷಣ ಸಾಮಾನ್ಯವಾಗಿ ಪೂರ್ವಲಿಖಿತವಾದುದು. ಅಲ್ಲಿ ವಾಕ್ಯ ದೀರ್ಘ, ವಾದ ಕ್ರಮಬದ್ಧ. ಕರಾವಳಿ, ಮಲೆನಾಡುಗಳ ತಾಳಮದ್ದಳೆಯ ಅರ್ಥಗಾರಿಕೆಯಾದರೋ ಆಶುರೂಪದ್ದು. ವೇಷ, ಕುಣಿತಗಳಿಲ್ಲದೆ ಕುಳಿತ ಅರ್ಥಧಾರಿಯು ಭಾಗವತರು ಹಾಡಿದ ಪದ್ಯವನ್ನು ವಿಸ್ತರಿಸುತ್ತ, ಎದುರು ಪಾತ್ರದ ಪ್ರಶ್ನೆಗೆ ಅಲ್ಲಿಯೇ ಉತ್ತರ ಕಟ್ಟುತ್ತಾನೆ. ಎದುರಾಳಿಯ ವಾದ, ಸಭೆಯ ಸ್ಪಂದನಗಳು ಅವನ ಮಾತಿನ ಗತಿಯನ್ನು ತಿದ್ದುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಸರಣಿಯ ಪ್ರಮುಖರು.

ಮೊದಲನೆಯದು ಮುದ್ರಣದಲ್ಲಿ ಉಳಿಯಿತು. ಎರಡನೆಯದರಲ್ಲಿ ಧ್ವನಿಮುದ್ರಣಗೊಳ್ಳದ ಭಾಗವೆಲ್ಲ ಕೇಳುಗರ ನೆನಪಿನೊಂದಿಗೇ ಅಳಿಯುತ್ತದೆ. ಆದ್ದರಿಂದ ಮುದ್ರಿತ ಪಠ್ಯಗಳನ್ನಷ್ಟೇ ಆಧರಿಸಿದ ವಾಗ್ಮಿತೆಯ ಚರಿತ್ರೆ ಅಪೂರ್ಣ. ಉಳಿದಿರುವ ಧ್ವನಿಸುರುಳಿಗಳನ್ನು ಪುಸ್ತಕಗಳಂತೆಯೇ ಸಂಗ್ರಹಿಸಿ ಸೂಚೀಕರಿಸುವುದು ಗ್ರಂಥಾಲಯಗಳ ಹೊಣೆಯಾಗಬೇಕು.