ಇಂಜಿನ್ ಮಾರೂ ಮೊದಲ ಪೈಪ್ ನೋಡ್ರಿ

ಹಿಂಗಾರಿ ಕಡಲೆ ಹೂವಿಗೆ ಬಂತೆಂದರೆ ನವಲಗುಂದ, ಕುಂದಗೋಳ, ಹುಬ್ಬಳ್ಳಿ ತಾಲ್ಲೂಕುಗಳ ಎರಿ ಹೊಲಗಳಲ್ಲಿ ಕೇಳಿಬರುವ ಮಾತು ಒಂದೇ: ‘ಇಂಜಿನ್ ಮುದುಕ ಆತ್ರಿ, ನೀರ ಎತ್ತವಲ್ದು.’ ಕೃಷಿ ಹೊಂಡದಲ್ಲಿ ನೀರಿದೆ, ಬೆಣ್ಣಿಹಳ್ಳದ ಮಡುವಿನಲ್ಲೂ ಒಂದಿಷ್ಟಿದೆ. ಆದರೆ ಹಳೆಯ ಡೀಸೆಲ್ ಇಂಜಿನ್ ಹೊಗೆ ಉಗುಳುತ್ತದೆಯೇ ಹೊರತು ಪೈಪಿನ ಬಾಯಿ ತುಂಬುವುದಿಲ್ಲ. ಈ ಒಂದು ನೀರು ತಪ್ಪಿದರೆ ಕಾಳು ಜೊಳ್ಳು. ರೈತ ಸಾಲ ಮಾಡಿ ಹೊಸ ಇಂಜಿನ್ ತರಲು ಹುಬ್ಬಳ್ಳಿ ಬಸ್ಸು ಹತ್ತುತ್ತಾನೆ.

ಸ್ವಲ್ಪ ತಡೆಯಬೇಕು. ಎಷ್ಟೋ ಸಲ ತಪ್ಪು ಇಂಜಿನ್ನಿನದಲ್ಲ, ಅದಕ್ಕೆ ಜೋಡಿಸಿದ ಸಾಮಾನಿನದು. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆ ಹೊಂಡದ ಜೊತೆಗೆ ಪಂಪ್‌ಸೆಟ್ಟಿಗೂ ಸಹಾಯಧನ ಕೊಟ್ಟಿತು. ಹೊಲಕ್ಕೆ ಇಂಜಿನ್ ಬಂತು. ಅದನ್ನು ನೋಡಿಕೊಳ್ಳುವ ಬಗೆ ಮಾತ್ರ ಎಲ್ಲರಿಗೂ ತಿಳಿದಿಲ್ಲ.

ಸ್ಪೀಡ್ ಏರಿಸಬೇಡಿ

ನೀರು ಕಡಿಮೆಯಾದ ಕೂಡಲೇ ಗವರ್ನರ್ ಸ್ಪ್ರಿಂಗ್ ಬಿಗಿ ಮಾಡಿ ಇಂಜಿನ್ ಓಡಿಸುವುದು ಹಲವರ ಚಾಳಿ. ಇದು ದುಬಾರಿ ಉಪಾಯ. 1,500 ಸುತ್ತಿನ ಪಂಪನ್ನು 1,650 ಸುತ್ತಿಗೆ ಏರಿಸಿದರೆ ನೀರು ಹೆಚ್ಚುವುದು ಸುಮಾರು ನೂರಕ್ಕೆ 10. ಇಂಜಿನ್ನಿನ ಮೇಲಿನ ಭಾರ ಏರುವುದು ನೂರಕ್ಕೆ 33! ಮುದಿ ಎತ್ತಿಗೆ ಬಾರುಕೋಲಿನ ಏಟು ಕೊಟ್ಟಂತೆ.

ಮೊದಲು ನೋಡಬೇಕಾದ್ದು ನೀರೊಳಗಿನ ಫುಟ್ ವಾಲ್ವ್. ಅದರ ಜಾಳಿಗೆಗೆ ಪಾಚಿ, ಕಸ ಕಟ್ಟಿದರೆ ಪಂಪಿಗೆ ಉಸಿರು ಕಟ್ಟುತ್ತದೆ. ಆಮೇಲೆ ಜಾಯಿಂಟು. ಸಕ್ಷನ್ ಪೈಪಿನ ಜಾಯಿಂಟಿಗೆ ಗ್ರೀಸ್ ಸವರಿದಾಗ ನೀರು ಹೆಚ್ಚಿದರೆ, ಅಲ್ಲಿ ಗಾಳಿ ಎಳೀತದ ಅಂತ ತಿಳಿಯಬೇಕು. ವಾಷರ್ ಬದಲಿಸಿದರೆ ಮುಗೀತು.

ಪಂಪನ್ನು ನೀರಿಗೆ ಆದಷ್ಟು ಹತ್ತಿರ ಇಳಿಸಿ. ಹುಬ್ಬಳ್ಳಿ-ಧಾರವಾಡ ಸೀಮೆ ಕಡಲ ಮಟ್ಟದಿಂದ 600 ಮೀಟರ್‌ಗೂ ಮೇಲಿದೆ. ನೀರನ್ನು ಮೇಲಕ್ಕೆ ತಳ್ಳುವ ಗಾಳಿಯ ಒತ್ತಡ ಕಾರವಾರಕ್ಕಿಂತ ಇಲ್ಲಿ ಕಡಿಮೆ. ಸಕ್ಷನ್ ಎತ್ತರ 6 ಮೀಟರ್, ಅಂದರೆ 20 ಅಡಿ ದಾಟದಿದ್ದರೆ ಒಳ್ಳೆಯದು. ಚೂಪು ಮೂಲೆಯ ಎಲ್ಬೋ ತೆಗೆದು ಅಗಲವಾಗಿ ತಿರುಗುವ ಬೆಂಡ್ ಹಾಕಬೇಕು. ನೀರು ಬೀಳುವ ಪೈಪನ್ನು ಕಾಲುವೆಗಿಂತ ಆಳೆತ್ತರ ಎತ್ತಿ ಕಟ್ಟುವುದು ನೋಡಲು ಚೆಂದ, ಆದರೆ ಡೀಸೆಲ್ ದಂಡ. ಬೆಲ್ಟ್ ಜಾರುತ್ತಿದ್ದರೆ ಬಿಗಿ ಮಾಡಬೇಕು. ಎರಡೂ ಪುಲ್ಲಿ ಒಂದೇ ಗೆರೆಯಲ್ಲಿರಬೇಕು.

ಹೊಗೆಯೇ ಹೇಳುತ್ತದೆ

ಇಷ್ಟಾದ ಮೇಲೆ ಇಂಜಿನ್ನಿನ ಸರದಿ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿರಬಹುದು, ಭಾರ ಹೆಚ್ಚಾಗಿರಬಹುದು, ಇಲ್ಲವೇ ನಾಜಲ್ ಕೆಟ್ಟಿರಬಹುದು. ಡೀಸೆಲ್ ಮಂಜಿನ ಹಾಗೆ ಸಿಡಿಯಬೇಕು, ತೊಟ್ಟಿಕ್ಕಬಾರದು. ಅದನ್ನು ಟೆಸ್ಟರ್ ಇರುವ ಅಂಗಡಿಯಲ್ಲೇ ನೋಡಿಸಬೇಕು. ಸಿಡಿಯುವ ಡೀಸೆಲ್ ಚರ್ಮ ತೂರಿ ಒಳಹೋಗುವಷ್ಟು ಜೋರು, ಕೈ ಅಡ್ಡ ಹಿಡಿಯುವುದು ಅಪಾಯ. ನೀಲಿ ಹೊಗೆ ಬಂದರೆ ಮಾತ್ರ ಚಿಂತೆ: ಇಂಜಿನ್ ಆಯಿಲ್ ಸುಡುತ್ತಿದೆ, ರಿಂಗ್ ಸವೆದಿರಬಹುದು. ಆಗ ಬಿಚ್ಚಲೇಬೇಕು.

ನೀರಿನಿಂದ ತಣಿಯುವ ಇಂಜಿನ್ನಿಗೆ ಪಂಪಿನ ತಣ್ಣೀರನ್ನು ಧಾರಾಳ ಹರಿಸಿದರೆ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ತೀರಾ ತಣ್ಣಗಾದ ಇಂಜಿನ್ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊರಬರುವ ನೀರು 60ರಿಂದ 70 ಡಿಗ್ರಿ ಬಿಸಿ ಇರುವಂತೆ ಕಾಕ್ ತಿರುಗಿಸಿಟ್ಟರೆ ಸಾಕು. ಇದಕ್ಕೆ ಖರ್ಚು ಒಂದು ಪೈಸೆ ಇಲ್ಲ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಜನ ಬಂಡಿ ಕಟ್ಟಿಕೊಂಡು, ಬಸ್ಸು ಹತ್ತಿ ಬರುತ್ತಾರೆ, ಹೊಸ ಯಂತ್ರ ನೋಡಿ ಹೋಗುತ್ತಾರೆ. ಮನೆಯಲ್ಲಿರುವ ಹಳೆಯ ಯಂತ್ರವನ್ನು ನೋಡುವವರು ಯಾರು? ಹಿಂಗಾರಿಗೆ ಮುಂಚೆ ಒಂದೊಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ದಿನ ಒಬ್ಬ ಮೆಕ್ಯಾನಿಕ್, ಒಂದು ನಾಜಲ್ ಟೆಸ್ಟರ್ ಇಟ್ಟರೆ ಸಾಕು. ಎಷ್ಟೋ ಮನೆಯ ಸಾಲ ತಪ್ಪೀತು, ಕಡಲೆಯೂ ಉಳಿದೀತು. ಕೃಷಿ ಇಲಾಖೆ ಮನಸ್ಸು ಮಾಡಬೇಕು.