ಮದುವೆ, ಬಸಿರು, ಬಾಣಂತನ: ಬೈಪೋಲಾರ್ ಮಾತ್ರೆ ನಿಲ್ಲಿಸೋ ಮುಂಚೆ ಡಾಕ್ಟರನ್ನು ಕೇಳಿ

ಹಾಸನ: ಕೆಲವು ದಿನ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ಎಡೆಬಿಡದ ಮಾತು, ಕೈಮೀರಿದ ಖರ್ಚು, ಸಿಡುಕು. ಮತ್ತೆ ಕೆಲವು ವಾರ ಹಾಸಿಗೆ ಬಿಟ್ಟು ಏಳಲಾಗದ ಮಂಕು. ಮನಸ್ಸು ಹೀಗೆ ಎರಡು ತುದಿಗೂ ಜೀಕುವ ಕಾಯಿಲೆಯೇ ಬೈಪೋಲಾರ್. ಗಂಡಸರಿಗೂ ಹೆಂಗಸರಿಗೂ ಬರುತ್ತದೆ. ಆದರೆ ಹೆಣ್ಣಿನ ಬದುಕಿನ ಘಟ್ಟಗಳಿಗೆ ತಕ್ಕಂತೆ ಅವಳ ಚಿಕಿತ್ಸೆಯೂ ಬದಲಾಗಬೇಕು.

ಹರೆಯ: ಹೆಣ್ಣುಮಕ್ಕಳಲ್ಲಿ ಮಂಕೇ ಹೆಚ್ಚಾಗಿ ಕಾಣುವುದರಿಂದ ಬರೀ ಖಿನ್ನತೆ ಅಂದುಕೊಳ್ಳುವುದುಂಟು. ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಿಗೆ ಹುರುಪು ವಿಪರೀತಕ್ಕೆ ಹೋಗುತ್ತದೆ. ಹಿಂದೆ ಅತಿ ಹುರುಪಿನ ದಿನಗಳಿದ್ದರೆ ಮುಚ್ಚಿಡದೆ ಹೇಳಬೇಕು.

ಮದುವೆ: "ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ" ಅನ್ನೋದು ತಪ್ಪು. ಗಂಡನ ಮನೆಗೆ ಗೊತ್ತಾಗದಿರಲಿ ಎಂದು ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು.

ಬಸಿರು: ವಾಲ್ಪ್ರೋಯೇಟ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳು, ಬೆನ್ನುಹುರಿಗೆ ಹಾನಿ ಮಾಡಬಲ್ಲದು. ಹಾಗಾಗಿ ಮಗು ಬೇಕು ಅನ್ನುವ ಮುಂಚೆಯೇ ಡಾಕ್ಟರ ಬಳಿ ಮಾತ್ರೆ ಬದಲಿಸಿಕೊಳ್ಳಬೇಕು. ಗೊತ್ತಿಲ್ಲದೆ ಬಸಿರಾಗಿದ್ದರೆ ಗಾಬರಿಯಿಂದ ಎಲ್ಲ ಮಾತ್ರೆ ಎಸೆಯದೆ, ತಡಮಾಡದೆ ಡಾಕ್ಟರನ್ನು ಕಾಣಬೇಕು.

ಬಾಣಂತನ: ಕಾಯಿಲೆ ಕೆರಳುವ ಅಪಾಯ ಅತಿ ಹೆಚ್ಚಿರುವುದು ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ. ಎರಡು ಮೂರು ರಾತ್ರಿ ನಿದ್ದೆಯಿಲ್ಲ, ವಿಪರೀತ ಅನುಮಾನ, ಮಗುವಿನ ಬಗ್ಗೆ ವಿಚಿತ್ರ ಮಾತು ಕಂಡರೆ "ಬಾಣಂತಿ ಸನ್ನಿ, ಯಂತ್ರ ಕಟ್ಟಿಸಿದ್ರೆ ಹೋಗುತ್ತೆ" ಎಂದು ಕಾಯಬಾರದು. ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ರಾತ್ರಿ ಹೊತ್ತು ಅಜ್ಜಿಯೋ ಅತ್ತೆಯೋ ಮಗು ನೋಡಿಕೊಂಡು ತಾಯಿಗೆ ನಿದ್ದೆ ಮಾಡಲು ಬಿಟ್ಟರೆ ಅದೇ ಅರ್ಧ ಔಷಧಿ. ಇನ್ನೊಂದು ಎಚ್ಚರ: ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಲಿಥಿಯಂ ತಗೊಳ್ಳುವವರಿಗೆ ಅಪಾಯ. ನೀರು ಕಮ್ಮಿಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಎದೆಹಾಲು ಕೊಡುವ ವಿಚಾರವನ್ನೂ ಮೊದಲೇ ಕೇಳಿಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ.

ಮುಟ್ಟು ನಿಲ್ಲುವ ಕಾಲ: ನಿದ್ದೆ ಕೆಟ್ಟು ಮನಸ್ಸಿನ ಏರುಪೇರು ಹೆಚ್ಚಬಹುದು. ಲಿಥಿಯಂ ತಗೊಳ್ಳುವವರು ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಾವಾಗಿಯೇ ಕೊಳ್ಳಬಾರದು. ಕೆಲವು ಬಿಪಿ ಮಾತ್ರೆಗಳೂ ಲಿಥಿಯಂ ಏರಿಸುತ್ತವೆ. ಥೈರಾಯ್ಡ್, ಕಿಡ್ನಿ, ಲಿಥಿಯಂ ಮಟ್ಟದ ರಕ್ತಪರೀಕ್ಷೆ ತಪ್ಪಿಸಬಾರದು.

ಎಲ್ಲಿಗೆ ಹೋಗಬೇಕು?: ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮನೋವೈದ್ಯರು ಬರುವ ದಿನ ವಿಚಾರಿಸಬಹುದು. ಟೆಲಿ ಮನಸ್ ಉಚಿತ ಸಹಾಯವಾಣಿ 14416, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು.